ಜಲಸೇವನೆ ಮತ್ತು ಮೂತ್ರಕೋಶದ ಅರ್ಬುದ: ಮಲೆನಾಡಿನ ದೃಷ್ಟಿಯಿಂದ ಒಂದು ವಿವೇಚನೆ

ಹಾಸನ ಜಿಲ್ಲೆಯ ಪಶ್ಚಿಮದಂಚಿನಲ್ಲಿರುವ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳು ನೀರಿಗೆ ಬಡವಾದ ಸೀಮೆಗಳಲ್ಲ. ಚಿಕ್ಕಮಗಳೂರು ಜಿಲ್ಲೆಯ ಬಲ್ಲಾಳರಾಯನದುರ್ಗದ ಆಸುಪಾಸಿನಲ್ಲಿ ಹುಟ್ಟುವ ಹೇಮಾವತಿಯು ಸಕಲೇಶಪುರ ಪಟ್ಟಣವನ್ನು ಹಾದು ಗೊರೂರಿನ ಜಲಾಶಯವನ್ನು ಸೇರುತ್ತದೆ. ಇದೇ ಬೆಟ್ಟಗಳ ಎತ್ತಿನಹೊಳೆಯ ನೀರನ್ನು ಬಯಲುಸೀಮೆಗೆ ಒಯ್ಯುವ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರ್ ತಿಂಗಳಲ್ಲಿ ಉದ್ಘಾಟನೆಗೊಂಡಿತು. ಹೊರನಾಡಿಗೆ ನೀರು ಕಳುಹಿಸುವ ಈ ನಾಡಿನ ಜನ ದಿನವೊಂದಕ್ಕೆ ತಾವೆಷ್ಟು ನೀರು ಕುಡಿಯುತ್ತಾರೆಂದು ಕೇಳಿದರೆ ಬರುವ ಉತ್ತರ ಮಾತ್ರ ಸಮಾಧಾನಕರವಾದುದಲ್ಲ. ಹೆತ್ತೂರು, ಹಾನುಬಾಳು, ಯಸಳೂರು ಹೋಬಳಿಗಳಲ್ಲಿ ಆಷಾಢ ಶ್ರಾವಣಗಳ ಮಳೆಯಲ್ಲಿ ಕಂಬಳಿ ಹೊದ್ದು ಕುಳಿತವನಿಗೆ ಬಾಯಾರಿಕೆಯೆಂಬುದು ನೆನಪಿಗೇ ಬರುವುದಿಲ್ಲ. ಬೆಳಗಿನ ಕಾಫಿ, ಊಟದ ಕಡೆಯಲ್ಲಿ ಒಂದು ಲೋಟ ನೀರು, ಸಂಜೆಗೆ ಮತ್ತೊಂದು ಕಾಫಿ: ಅಲ್ಲಿಗೆ ದಿನದ ಲೆಕ್ಕ ಮುಗಿಯಿತು.

ಕಡಮೆ ನೀರು ಕುಡಿಯುವವರಿಗೆ ಮೂತ್ರಕೋಶದ ಅರ್ಬುದ, ಎಂದರೆ ಕ್ಯಾನ್ಸರ್, ಬರುವ ಸಂಭವ ಹೆಚ್ಚೇ? ಹೆಚ್ಚು ನೀರು ಕುಡಿದರೆ ಆ ಅಪಾಯ ತಗ್ಗುವುದೇ? ಈ ಪ್ರಶ್ನೆಯನ್ನು ವೈದ್ಯವಿಜ್ಞಾನವು ಹಲವು ದಶಕಗಳಿಂದ ಕೇಳಿಕೊಳ್ಳುತ್ತ ಬಂದಿದೆ. ದೊರೆತಿರುವ ಉತ್ತರ ಒಂದೇ ಮಾತಿನದಲ್ಲ. ಆದರೆ ಉತ್ತರವನ್ನು ಹುಡುಕುವ ದಾರಿಯಲ್ಲಿ ನಮ್ಮ ಮನೆ, ತೋಟ ಮತ್ತು ಶಾಲೆಗಳಿಗೆ ಸಂಬಂಧಿಸಿದ ಕೆಲವು ಸಂಗತಿಗಳು ಸ್ಪಷ್ಟವಾಗಿರುವುದರಿಂದ ಅವುಗಳನ್ನು ವಾಚಕರ ಮುಂದೆ ಇಡುವುದು ಉಚಿತವೆಂದು ಭಾವಿಸಲಾಗಿದೆ.

ಮೊದಲಿಗೆ ಶರೀರದ ವ್ಯವಸ್ಥೆಯನ್ನು ತಿಳಿಯೋಣ. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಬಹುಪಾಲನ್ನು ಮರಳಿ ರಕ್ತಕ್ಕೇ ಒಪ್ಪಿಸಿ, ಕೊನೆಗೆ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರರೂಪದಲ್ಲಿ ಹೊರಗೆ ಕಳುಹಿಸುತ್ತವೆ. ಈ ಮೂತ್ರವು ಸಂಗ್ರಹವಾಗುವ ಚೀಲವೇ ಮೂತ್ರಕೋಶ. ವಯಸ್ಕರಲ್ಲಿ ಅದು ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಅದರ ಒಳಗೋಡೆಗೆ ಕೆಲವೇ ಪದರಗಳ ತೆಳುವಾದ ಜೀವಕೋಶಗಳ ಹೊದಿಕೆಯುಂಟು. ಮೂತ್ರಕೋಶದ ಅರ್ಬುದಗಳಲ್ಲಿ ಬಹುತೇಕವು ಹುಟ್ಟುವುದು ಈ ಹೊದಿಕೆಯಲ್ಲಿಯೇ. ಶರೀರವು ಬೇಡವೆಂದು ತಳ್ಳಿದ ವಸ್ತುಗಳೆಲ್ಲ ಹೊರಗೆ ಹೋಗುವ ಮುನ್ನ ಗಂಟೆಗಟ್ಟಲೆ ತಂಗುವ ಸ್ಥಳವದು.

ಆ ವಸ್ತುಗಳಲ್ಲಿ ಅರ್ಬುದಕಾರಕಗಳೂ ಇರಬಹುದೆಂಬ ಸುಳಿವು ಮೊದಲು ದೊರೆತದ್ದು ಬಣ್ಣದ ಕಾರ್ಖಾನೆಗಳಿಂದ. 1895ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಶಸ್ತ್ರವೈದ್ಯ ಲುಡ್ವಿಗ್ ರೇನ್ ಎಂಬವರು ಕೃತಕ ಬಣ್ಣ ತಯಾರಿಸುವ ಕೆಲಸಗಾರರಲ್ಲಿ ಮೂತ್ರಕೋಶದ ಗಂತಿಗಳನ್ನು ಕಂಡು ವರದಿ ಮಾಡಿದರು. ಮುಂದೆ 1938ರಲ್ಲಿ ವಿಲ್ಹೆಲ್ಮ್ ಹ್ಯೂಪರ್ ಮತ್ತು ಅವರ ಸಂಗಡಿಗರು ಅಂತಹ ಒಂದು ರಾಸಾಯನಿಕವನ್ನು ನಾಯಿಗಳಿಗೆ ಕೊಟ್ಟು ಅದೇ ರೋಗವನ್ನು ಬರಿಸಿ ತೋರಿಸಿದರು. ಅರೋಮ್ಯಾಟಿಕ್ ಅಮೈನ್ ಎಂದು ಕರೆಯಲ್ಪಡುವ ಈ ವರ್ಗದ ವಸ್ತುಗಳೇ ತಂಬಾಕಿನ ಹೊಗೆಯಲ್ಲಿಯೂ ಇವೆ. ಉಸಿರಾಟದ ಮೂಲಕ ಒಳಹೊಕ್ಕು, ರಕ್ತದಲ್ಲಿ ಸುತ್ತಿ, ಮೂತ್ರದಲ್ಲಿ ಇಳಿದು, ಮೂತ್ರಕೋಶದ ಗೋಡೆಯನ್ನು ಅವು ನೆನೆಸುತ್ತವೆ. ಬೀಡಿ ಸೇದುವವನಿಗೆ ಕೆಮ್ಮು ಬರುವುದು ಎಲ್ಲರಿಗೂ ಗೊತ್ತು. ಮೂತ್ರಕೋಶಕ್ಕೂ ಬೀಡಿಗೂ ಇರುವ ನಂಟು ಬಹುಮಂದಿ ವಿದ್ಯಾವಂತರಿಗೂ ತಿಳಿಯದು.

ನೀರಿನ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಒಂದು ದಿನದ ಕಶ್ಮಲವು 700 ಮಿಲಿಲೀಟರ್ ಮೂತ್ರದಲ್ಲಿ ಕರಗಿದ್ದರೆ ಅದರ ಸಾಂದ್ರತೆ ಎರಡು ಲೀಟರಿನಲ್ಲಿ ಕರಗಿದಾಗ ಇರುವುದರ ಸುಮಾರು ಮೂರು ಪಟ್ಟು. ಮೇಲಾಗಿ ಹೆಚ್ಚು ಮೂತ್ರವಿದ್ದರೆ ಮತ್ತೆ ಮತ್ತೆ ಹೊರಹೋಗುತ್ತದೆ; ಗೋಡೆಯೊಡನೆ ಅದರ ಸಂಪರ್ಕಕಾಲ ತಗ್ಗುತ್ತದೆ. ಉಪ್ಪಿನಕಾಯಿಯ ಜಾಡಿಯನ್ನು ಒಮ್ಮೆ ತೊಳೆದಿಟ್ಟರೆ ಸಾಲದು, ನಾಲ್ಕು ನೀರು ಹಾಕಿ ತೊಳೆಯಬೇಕೆಂಬ ಗೃಹಿಣಿಯ ತಿಳಿವಳಿಕೆಯೇ ಇದು. ತರ್ಕವೇನೋ ಚೆನ್ನಾಗಿದೆ. ಆದರೆ ವಿಜ್ಞಾನದಲ್ಲಿ ತರ್ಕ ಚೆನ್ನಾಗಿದ್ದ ಮಾತ್ರಕ್ಕೆ ಸಂಗತಿ ಸತ್ಯವಾಗುವುದಿಲ್ಲ. ಜನಸಮುದಾಯದಲ್ಲಿ ಪರೀಕ್ಷಿಸಿ ನೋಡಬೇಕು.

ಅಂತಹ ಪರೀಕ್ಷೆಗಳಲ್ಲಿ ಪ್ರಸಿದ್ಧವಾದುದು ಅಮೆರಿಕೆಯಲ್ಲಿ ನಡೆದುದು. ದಂತವೈದ್ಯರು, ಪಶುವೈದ್ಯರು, ಔಷಧತಜ್ಞರು ಮೊದಲಾದ 47,909 ಮಂದಿ ಪುರುಷರನ್ನು ಹತ್ತು ವರ್ಷ ಅನುಸರಿಸಿ, ಅವರಲ್ಲಿ 252 ಮಂದಿಗೆ ಮೂತ್ರಕೋಶದ ಅರ್ಬುದ ಬಂದುದನ್ನು ಗುರುತಿಸಿದರು. 1999ರಲ್ಲಿ ಪ್ರಕಟವಾದ ಈ ವರದಿಯ ಪ್ರಕಾರ ದಿನಕ್ಕೆ ಎರಡೂವರೆ ಲೀಟರಿಗಿಂತ ಹೆಚ್ಚು ಪಾನೀಯ ಸೇವಿಸುವವರಲ್ಲಿ, 1.3 ಲೀಟರಿಗಿಂತ ಕಡಮೆ ಸೇವಿಸುವವರಿಗೆ ಹೋಲಿಸಿದರೆ, ಈ ರೋಗದ ಅಪಾಯ ಹೆಚ್ಚುಕಡಮೆ ಅರ್ಧದಷ್ಟಿತ್ತು. ಪತ್ರಿಕೆಗಳು ಇದನ್ನು ದೊಡ್ಡದಾಗಿ ಸಾರಿದವು. ಎಂಟು ಲೋಟ ನೀರಿನ ಉಪದೇಶಕ್ಕೆ ಬಲ ಬಂದಂತಾಯಿತು.

ಆದರೆ ಮುಂದಿನ ಕಥೆ ಅಷ್ಟು ಸರಳವಾಗಿ ನಡೆಯಲಿಲ್ಲ. ಆರು ಪ್ರತ್ಯೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ನಲ್ಲಿನೀರನ್ನು ಹೆಚ್ಚಾಗಿ ಕುಡಿದವರಲ್ಲಿ ಅಪಾಯವು ಸ್ವಲ್ಪ ಹೆಚ್ಚಾಗಿಯೇ ಕಂಡಿತು. ಇತರ ಪಾನೀಯಗಳಿಂದ ಹಾಗಾಗಲಿಲ್ಲ. ಯೂರೋಪಿನ ಹಲವು ದೇಶಗಳ ಸುಮಾರು 2 ಲಕ್ಷ 33 ಸಾವಿರ ಜನರನ್ನು ಒಳಗೊಂಡು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟು ಪಾನೀಯಸೇವನೆಗೂ ಈ ರೋಗಕ್ಕೂ ಯಾವ ಸಂಬಂಧವೂ ದೊರೆಯಲಿಲ್ಲ. ಸ್ಪೇನಿನ ಸಂಶೋಧಕರಿಗೆ ಮಾತ್ರ ರಾತ್ರಿ ಎದ್ದು ಮೂತ್ರವಿಸರ್ಜನೆ ಮಾಡುವ ಅಭ್ಯಾಸವುಳ್ಳವರಲ್ಲಿ ರೋಗ ಕಡಮೆಯಿರುವಂತೆ ತೋರಿತು. ಹೀಗೆ ಒಬ್ಬರು ಹೌದೆಂದರೆ ಇನ್ನೊಬ್ಬರು ಅಲ್ಲವೆನ್ನುತ್ತಾರೆ.

ಈ ಭಿನ್ನಾಭಿಪ್ರಾಯಕ್ಕೆ ಕಾರಣಗಳಲ್ಲಿ ಎರಡನ್ನು ನಾವು ಗಮನಿಸಬೇಕು. ಒಂದನೆಯದಾಗಿ, ಇಂತಹ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಲೋಟದಲ್ಲಿ ಕುಡಿಯುವ ಪಾನೀಯ ಮಾತ್ರ. ಉಣ್ಣುವ ನೀರು ಬಹುಮಟ್ಟಿಗೆ ಲೆಕ್ಕ ತಪ್ಪುತ್ತದೆ. ಮನುಷ್ಯನಿಗೆ ದೊರೆಯುವ ನೀರಿನಲ್ಲಿ ಐದರಲ್ಲಿ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಆಹಾರದಿಂದಲೇ ಬರುತ್ತದೆ. ಅದಲ್ಲದೆ ಆಹಾರವು ದೇಹದಲ್ಲಿ ದಹನವಾಗುವಾಗ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಒಳಗೇ ಹುಟ್ಟುತ್ತದೆ. ನಮ್ಮ ಊಟವನ್ನೇ ನೋಡಿ. ಬೆಂದ ಅನ್ನದಲ್ಲಿ ನೂರಕ್ಕೆ ಸುಮಾರು 68 ಭಾಗ ನೀರು. ಅರ್ಧ ಕಿಲೋಗ್ರಾಂ ಅನ್ನ ಉಂಡವನಿಗೆ ಒಂದೂವರೆ ಲೋಟದಷ್ಟು ನೀರು ತಿಳಿಯದೆಯೇ ಸೇರಿತು. ಸೌತೆ, ಸೋರೆಕಾಯಿಗಳಲ್ಲಿ ನೂರಕ್ಕೆ 95ರಷ್ಟು, ತೋಟದ ಕಿತ್ತಳೆಯಲ್ಲಿ 87, ಆಲೂರಿನ ಕಡೆ ಬೆಳೆಯುವ ಆಲೂಗಡ್ಡೆಯಲ್ಲಿ ಸುಮಾರು 80, ಬಾಳೆಯ ಹಣ್ಣಿನಲ್ಲಿ 75 ಭಾಗ ನೀರಿದೆ. ಹೆಂಚಿನ ಮೇಲೆ ಸುಟ್ಟ ರೊಟ್ಟಿಯಲ್ಲಿ ಅನ್ನಕ್ಕಿಂತ ಬಹಳ ಕಡಮೆ. ಸಾರು, ಹುಳಿ, ಗಂಜಿ, ಮಜ್ಜಿಗೆಗಳ ಊಟವನ್ನೂ ಬ್ರೆಡ್ಡು ಮಾಂಸಗಳ ಊಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಮೆರಿಕೆಯ ಎರಡೂವರೆ ಲೀಟರನ್ನು ಹಾಗೆಯೇ ತಂದು ನಮ್ಮ ಮೇಲೆ ಹೇರುವುದು ಸರಿಯಲ್ಲ. ಶ್ರೀಮಠದ ದಾಸೋಹದ ಪಂಕ್ತಿಯಲ್ಲಿ ಕಡೆಗೆ ಬಡಿಸುವ ಮಜ್ಜಿಗೆಯನ್ನು ಬೇಡವೆನ್ನದೆ ಕುಡಿಯುವ ವಿದ್ಯಾರ್ಥಿಯು ಲೆಕ್ಕವಿಡದೆಯೇ ಒಳ್ಳೆಯ ಕೆಲಸ ಮಾಡುತ್ತಿದ್ದಾನೆ. ಇತ್ತೀಚೆಗೆ ಆ ಜಾಗವನ್ನು ಪೊಟ್ಟಣದ ಒಣತಿಂಡಿಗಳು ಆಕ್ರಮಿಸುತ್ತಿರುವುದು ಬೇರೆಯ ಮಾತು.

ಎರಡನೆಯ ಕಾರಣ ಇನ್ನೂ ಮುಖ್ಯವಾದುದು. ನೀರೆಂದರೆ ಬರಿಯ ನೀರಲ್ಲ. ಅದರೊಡನೆ ಏನು ಬರುತ್ತದೆಂಬುದನ್ನೂ ನೋಡಬೇಕು. ದಕ್ಷಿಣ ಅಮೆರಿಕೆಯ ಚಿಲಿ ದೇಶದ ಅಂಟೊಫಗಾಸ್ಟ ನಗರದಲ್ಲಿ 1958ರಿಂದ 1970ರವರೆಗೆ ಆರ್ಸೆನಿಕ್ ಅಧಿಕವಾಗಿದ್ದ ನದಿಯ ನೀರನ್ನು ಜನರಿಗೆ ಒದಗಿಸಲಾಯಿತು. ಆಮೇಲೆ ನೀರನ್ನು ಶುದ್ಧಗೊಳಿಸಿದರೂ ಮೂತ್ರಕೋಶದ ಅರ್ಬುದದ ಮರಣಗಳು ದಶಕಗಳ ಕಾಲ ಹೆಚ್ಚಾಗಿಯೇ ಉಳಿದವು. ಅಲ್ಲಿ ಹೆಚ್ಚು ನೀರು ಕುಡಿದವನು ಹೆಚ್ಚು ವಿಷವನ್ನೇ ಕುಡಿದನು. ನಮ್ಮ ರಾಜ್ಯದಲ್ಲಿಯೂ ಹಟ್ಟಿ ಚಿನ್ನದ ಗಣಿಯ ಸುತ್ತಿನ ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದು ಪತ್ತೆಯಾಗಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ಸೂಚಿಸಿದೆ. ಮಲೆನಾಡಿನವರು ಇದರಿಂದ ಹೆದರಬೇಕಾದುದಿಲ್ಲ. ಆದರೆ ಝರಿ ಬಾವಿಗಳನ್ನು ಬಿಟ್ಟು ಆಳದ ಕೊಳವೆಬಾವಿಯನ್ನು ಕೊರೆಸಿದವರು ಅದರ ನೀರನ್ನು ಒಮ್ಮೆಯಾದರೂ ಪ್ರಯೋಗಾಲಯಕ್ಕೆ ಕಳುಹಿಸುವುದು ವಿವೇಕ.

ಇನ್ನು ಕ್ಲೋರಿನ್. ಎಲೆಗೊಬ್ಬರದ ಅಂಶ ಕರಗಿದ ಹೊಳೆನೀರಿಗೆ ಕ್ಲೋರಿನ್ ಬೆರೆಸಿದಾಗ ಕ್ಲೋರೋಫಾರಂ ಮೊದಲಾದ ಉಪವಸ್ತುಗಳು ಹುಟ್ಟುತ್ತವೆಂಬುದನ್ನು 1974ರಲ್ಲಿ ಹಾಲೆಂಡಿನ ರೂಕ್ ಎಂಬ ರಸಾಯನಶಾಸ್ತ್ರಜ್ಞರು ತೋರಿಸಿಕೊಟ್ಟರು. ನಲ್ಲಿನೀರಿನ ಅಧ್ಯಯನದಲ್ಲಿ ಕಂಡ ಅಪಾಯಕ್ಕೆ ಇವೇ ಕಾರಣವಿರಬಹುದೆಂಬ ಶಂಕೆಯಿದೆ. ಇದನ್ನು ಓದಿ ಯಾರೂ ತೊಟ್ಟಿಗೆ ಕ್ಲೋರಿನ್ ಹಾಕುವುದನ್ನು ನಿಲ್ಲಿಸಬಾರದು. ಹಲವಾರು ದಶಕಗಳ ಮೇಲೆ ಬರಬಹುದಾದ ಅಲ್ಪ ಅಪಾಯಕ್ಕಂಜಿ, ಮುಂದಿನ ವಾರವೇ ಬರಬಹುದಾದ ವಿಷಮಜ್ವರ, ಕಾಮಾಲೆಗಳಿಗೆ ಬಾಗಿಲು ತೆರೆಯುವುದು ಬುದ್ಧಿವಂತಿಕೆಯಲ್ಲ. ಕೊಳೆತ ಎಲೆ ತೊಟ್ಟಿಗೆ ಬೀಳದಂತೆ ಮುಚ್ಚಿಡುವುದು, ನೀರನ್ನು ಮೊದಲು ಸೋಸಿ ಆಮೇಲೆ ಕ್ಲೋರಿನ್ ಬೆರೆಸುವುದು ಸರಿಯಾದ ಕ್ರಮ.

ಕಾಫಿಯ ನಾಡಿನವರಿಗೆ ಒಂದು ಸಮಾಧಾನದ ಸಂಗತಿಯನ್ನು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು 1991ರಲ್ಲಿ ಕಾಫಿಯನ್ನು ಮೂತ್ರಕೋಶದ ಅರ್ಬುದಕ್ಕೆ ಪ್ರಾಯಶಃ ಕಾರಣವಾಗಬಲ್ಲ ವಸ್ತುಗಳ ಪಟ್ಟಿಯಲ್ಲಿ ಸೇರಿಸಿತ್ತು. ಇಪ್ಪತ್ತೈದು ವರ್ಷಗಳ ಮೇಲೆ, 2016ರಲ್ಲಿ, ಸಾವಿರಕ್ಕೂ ಮಿಕ್ಕ ಅಧ್ಯಯನಗಳನ್ನು ಪರಿಶೀಲಿಸಿ ಆ ಆಪಾದನೆಯನ್ನು ಹಿಂತೆಗೆದುಕೊಂಡಿತು. ಹೆಚ್ಚು ಕಾಫಿ ಕುಡಿಯುವವರಲ್ಲಿ ಧೂಮಪಾನಿಗಳು ಹೆಚ್ಚಾಗಿದ್ದುದರಿಂದ ಹೊಗೆಯ ಅಪರಾಧ ಬಹುಮಟ್ಟಿಗೆ ಕಾಫಿಯ ತಲೆಗೆ ಬಂದಿತ್ತು. ಅದೇ ಸಭೆಯು 65 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿಯಾದ ಯಾವುದೇ ಪಾನೀಯವನ್ನು ಕುಡಿಯುವುದು ಅನ್ನನಾಳಕ್ಕೆ ಒಳ್ಳೆಯದಲ್ಲವೆಂದು ಎಚ್ಚರಿಸಿದೆ. ಆದುದರಿಂದ ಮಳೆಗಾಲದ ಕಾಫಿಯನ್ನು ಬಿಡಬೇಕಾಗಿಲ್ಲ. ಸ್ವಲ್ಪ ಆರಿಸಿ ಕುಡಿದರಾಯಿತು. ದ್ರವದ ಲೆಕ್ಕಕ್ಕೂ ಅದು ಸೇರುತ್ತದೆ.

ಕಾಫಿಗೆ ದೊರೆತ ಬಿಡುಗಡೆ ತಂಬಾಕಿಗೆ ದೊರೆತಿಲ್ಲ. 2011ರಲ್ಲಿ ಪ್ರಕಟವಾದ ಅಮೆರಿಕೆಯ ದೊಡ್ಡ ಅಧ್ಯಯನವೊಂದು ಮೂತ್ರಕೋಶದ ಅರ್ಬುದಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಧೂಮಪಾನವೇ ಕಾರಣವೆಂದು ಲೆಕ್ಕ ಹಾಕಿತು. ನಮ್ಮ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯೇ ಇದೆ. ಬೆಳೆಯುವವನ ಬದುಕಿನ ಪ್ರಶ್ನೆ ಬೇರೆ, ಸೇದುವವನ ಬದುಕಿನ ಪ್ರಶ್ನೆ ಬೇರೆ. ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿದು ಬೀಡಿಯ ಪಾಪವನ್ನು ತೊಳೆದುಕೊಳ್ಳುತ್ತೇನೆನ್ನುವವನಿಗೆ ಮೇಲಿನ ಯಾವ ಸಂಶೋಧನೆಯೂ ಆಶ್ವಾಸನೆ ಕೊಟ್ಟಿಲ್ಲ.

ಮಲೆನಾಡಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಮಾತು ಗಿಡಮೂಲಿಕೆಯದು. ಹಾವಿನ ವಿಷಕ್ಕೆಂದೂ ಹೊಟ್ಟೆನೋವಿಗೆಂದೂ ಹಳಬರು ಬಳಸುತ್ತಿದ್ದ ಈಶ್ವರಿ ಬಳ್ಳಿಯ ಬೇರಿನಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಈ ಆಮ್ಲವು ಮೂತ್ರಪಿಂಡವನ್ನು ಕೆಡಿಸುತ್ತದೆ ಮತ್ತು ಮೂತ್ರಮಾರ್ಗದ ಅರ್ಬುದವನ್ನು ತರುತ್ತದೆ ಎಂಬುದರಲ್ಲಿ ಈಗ ಸಂಶಯವುಳಿದಿಲ್ಲ. 1990ರ ದಶಕದ ಆದಿಯಲ್ಲಿ ಬೆಲ್ಜಿಯಂ ದೇಶದಲ್ಲಿ ಮೈ ಇಳಿಸುವ ಔಷಧದಲ್ಲಿ ಇದೇ ಕುಲದ ಗಿಡವೊಂದು ಬೆರೆತು ಅನೇಕ ಮಹಿಳೆಯರ ಮೂತ್ರಪಿಂಡಗಳು ನಷ್ಟವಾದವು. ಮುಂದೆ ಅವರಲ್ಲಿ ಹಲವರಿಗೆ ಅರ್ಬುದವೂ ಕಾಣಿಸಿತು. ನೀಲಗಿರಿ ಮತ್ತು ಹಿಮಾಲಯದ ತಪ್ಪಲುಗಳಲ್ಲಿ ಬ್ರಾಕೆನ್ ಎಂಬ ಜಾತಿಯ ಜರೀಗಿಡವನ್ನು ಮೇಯ್ದ ದನಗಳು ರಕ್ತಮೂತ್ರ ಹೊಯ್ದು ಮೂತ್ರಕೋಶದ ಗಂತಿಯಿಂದ ಸಾಯುವುದನ್ನು ಪಶುವೈದ್ಯರು ಬಹುಕಾಲದಿಂದ ಬಲ್ಲರು. ಹಸಿರೆಂದ ಮಾತ್ರಕ್ಕೆ ನಿರಪಾಯವೆಂದು ನಂಬುವುದು ತಪ್ಪು.

ಇಷ್ಟನ್ನು ಹೇಳಿದ ಮೇಲೆ, ಈ ಲೇಖನವನ್ನು ಬರೆಯಲು ಪ್ರೇರಣೆಯಾದ ವಿಷಯಕ್ಕೆ ಬರುತ್ತೇನೆ. ಮೂತ್ರಕೋಶದ ಅರ್ಬುದದ ಮೊದಲ ಚಿಹ್ನೆ ಬಹುಪಾಲು ರೋಗಿಗಳಲ್ಲಿ ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಾಣುವುದು. ಒಂದು ದಿನ ಕಾಣುತ್ತದೆ, ತಾನಾಗಿಯೇ ನಿಲ್ಲುತ್ತದೆ, ವಾರಗಳೋ ತಿಂಗಳುಗಳೋ ಕಳೆದು ಮತ್ತೆ ಕಾಣುತ್ತದೆ. ನಮ್ಮ ಕಡೆ ಇದಕ್ಕೆ ಸಿದ್ಧವಾದ ವ್ಯಾಖ್ಯಾನವೊಂದಿದೆ: ‘ಉಷ್ಣವಾಗಿದೆ’. ಎಳನೀರು, ಬಾರ್ಲಿ ಗಂಜಿ, ಜೀರಿಗೆಯ ನೀರು, ಬೂದುಗುಂಬಳದ ರಸ ಇವು ಮನೆಮದ್ದುಗಳು. ನಾಲ್ಕು ದಿನ ಅವನ್ನು ಕುಡಿದಾಗ ರಕ್ತ ನಿಲ್ಲುತ್ತದೆ. ಔಷಧ ಫಲಿಸಿತೆಂದು ಮನೆಯವರು ಸಂತೋಷಪಡುತ್ತಾರೆ. ವಾಸ್ತವವಾಗಿ ಔಷಧವಿಲ್ಲದಿದ್ದರೂ ಅದು ನಿಲ್ಲುತ್ತಿತ್ತು. ನೀರಿನ ಮೇಲಿನ ನಂಬಿಕೆಯೇ ಇಲ್ಲಿ ಶತ್ರುವಾಗುತ್ತದೆ. ಹೀಗೆ ಕಳೆದ ಆರು ತಿಂಗಳು, ಒಂದು ವರ್ಷದಲ್ಲಿ ಒಳಪೊರೆಯಲ್ಲಿದ್ದ ಗಂತಿ ಮಾಂಸದ ಪದರಕ್ಕೆ ಬೇರು ಬಿಡಬಹುದು. ಮಹಿಳೆಯರಲ್ಲಿ ಈ ವಿಳಂಬ ಇನ್ನೂ ಹೆಚ್ಚು. ರಕ್ತವನ್ನು ಮುಟ್ಟಿನ ದೋಷವೆಂದೋ ಉರಿಮೂತ್ರವೆಂದೋ ಎಣಿಸಲಾಗುತ್ತದೆ. ರೋಗವು ಪುರುಷರಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚಾಗಿದ್ದರೂ ಮಹಿಳೆಯರಲ್ಲಿ ತಡವಾಗಿ ಪತ್ತೆಯಾಗುವುದಕ್ಕೆ ಇದೊಂದು ಕಾರಣ.

ಬೇಗನೆ ಪತ್ತೆಯಾದರೆ ಸ್ಥಿತಿಯೇ ಬೇರೆ. ಹೊಸದಾಗಿ ಗುರುತಿಸಲಾಗುವ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲಿನವರಲ್ಲಿ ಗಂತಿಯು ಮೇಲ್ಪದರದಲ್ಲಿಯೇ ಇರುತ್ತದೆ. ಹೊಟ್ಟೆಯನ್ನು ಕೊಯ್ಯದೆ, ಮೂತ್ರದ್ವಾರದ ಮೂಲಕ ದರ್ಶಕ ನಳಿಕೆಯನ್ನು ಇಳಿಸಿ ಅದನ್ನು ಕೆರೆದು ತೆಗೆಯಬಹುದು. ಮರುಕಳಿಸದಂತೆ ಕೊಡುವ ಔಷಧಗಳಲ್ಲಿ ಮುಖ್ಯವಾದುದು ನಮಗೆಲ್ಲ ಪರಿಚಿತವಾದುದೇ: ಕ್ಷಯದ ವಿರುದ್ಧ ಹಸುಗೂಸುಗಳಿಗೆ ಚುಚ್ಚುವ ಬಿ.ಸಿ.ಜಿ. ಅದನ್ನು ಮೂತ್ರಕೋಶದೊಳಕ್ಕೆ ತುಂಬಿ ಚಿಕಿತ್ಸೆ ಮಾಡುವ ಕ್ರಮವನ್ನು 1976ರಲ್ಲಿ ಕೆನಡಾದ ಅಲ್ವಾರೊ ಮೊರಾಲೆಸ್ ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ತಾಲ್ಲೂಕು ಮಟ್ಟದಲ್ಲಿ ಮೂತ್ರಪರೀಕ್ಷೆ, ಜಿಲ್ಲಾಕೇಂದ್ರದಲ್ಲಿ ಅಲ್ಟ್ರಾಸೌಂಡ್, ಆವಶ್ಯಕವಾದಲ್ಲಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ: ದಾರಿ ಇಷ್ಟೆ. ನಲವತ್ತು ದಾಟಿದವರಲ್ಲಿ ನೋವಿಲ್ಲದ ರಕ್ತ ಒಂದು ಸಲ ಕಂಡರೂ ಈ ದಾರಿಯನ್ನು ಹಿಡಿಯಬೇಕು. ಎಳನೀರನ್ನು ಜೊತೆಗೆ ಕುಡಿಯಲು ಯಾರ ಅಡ್ಡಿಯೂ ಇಲ್ಲ.

ಹಾಗಾದರೆ ನೀರಿನಿಂದ ನಿಶ್ಚಿತ ಲಾಭವಿಲ್ಲವೇ? ಇದೆ, ಅರ್ಬುದದಲ್ಲಲ್ಲದಿದ್ದರೂ ಅದರ ನೆರೆಹೊರೆಯಲ್ಲಿದೆ. ಮೂತ್ರದ ಕಲ್ಲು ಒಮ್ಮೆ ಬಂದವರಲ್ಲಿ, ದಿನಕ್ಕೆ ಎರಡು ಲೀಟರ್ ಮೂತ್ರವಾಗುವಷ್ಟು ನೀರು ಕುಡಿದವರಿಗೆ ಐದು ವರ್ಷಗಳಲ್ಲಿ ನೂರಕ್ಕೆ 12 ಮಂದಿಗೆ ಮಾತ್ರ ಕಲ್ಲು ಮರುಕಳಿಸಿತು, ಕುಡಿಯದವರಲ್ಲಿ 27 ಮಂದಿಗೆ ಎಂದು ಇಟಲಿಯಲ್ಲಿ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿತು. ಪದೇ ಪದೇ ಉರಿಮೂತ್ರದಿಂದ ಬಳಲುತ್ತಿದ್ದ 140 ಮಹಿಳೆಯರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಹೆಚ್ಚಾಗಿ ಕುಡಿದವರಿಗೆ ಆ ಬಾಧೆ ಸುಮಾರು ಅರ್ಧಕ್ಕಿಳಿಯಿತು. ಹೃದಯ ಅಥವಾ ಮೂತ್ರಪಿಂಡದ ದೌರ್ಬಲ್ಯವುಳ್ಳವರು ಮಾತ್ರ ವೈದ್ಯರ ಮಾತಿನಂತೆ ಮಿತಿಯಲ್ಲಿರಬೇಕು. ಉಳಿದವರಿಗೆ ಅಳತೆಯ ಲೋಟ ಬೇಕಾಗಿಲ್ಲ; ಮೂತ್ರವು ತಿಳಿಹಳದಿಯಾಗಿದ್ದರೆ ನೀರು ಸಾಕಾಗಿದೆ, ಚಹಾದ ಡಿಕಾಕ್ಷನ್ನಿನಂತೆ ಗಾಢವಾಗಿದ್ದರೆ ಸಾಲದು.

ಆದರೆ ಕುಡಿಯಿರಿ ಎಂದು ಹೇಳುವುದಕ್ಕೆ ಮುನ್ನ ಕುಡಿಯದಿರುವುದಕ್ಕೆ ಕಾರಣವೇನೆಂದು ಕೇಳಬೇಕು. ಮಾಘದ ಬಿಸಿಲಿನಲ್ಲಿ ಕಾಫಿ ಹಣ್ಣು ಕೀಳುವ ಹೆಣ್ಣಾಳುಗಳು, ಆಲೂರಿನ ಶುಂಠಿ ಹೊಲಗಳಲ್ಲಿ ಬೇಸಗೆಯಲ್ಲಿ ದುಡಿಯುವವರು ಬಾಯಾರಿದರೂ ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಲು ಮರೆ ಎಲ್ಲಿ? 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿಯೇ ಕುಡಿಯುವ ನೀರನ್ನೂ ಸ್ತ್ರೀಪುರುಷರಿಗೆ ಪ್ರತ್ಯೇಕ ಶೌಚಾಲಯ ಮೂತ್ರಾಲಯಗಳನ್ನೂ ಒದಗಿಸಬೇಕೆಂದು ವಿಧಿಸಲಾಗಿತ್ತು. ಸಣ್ಣ ತೋಟ, ಹೊಲಗಳಿಗೆ ಅಂತಹ ವಿಧಿಯೂ ಇರಲಿಲ್ಲ. ಮೂತ್ರವನ್ನು ತಡೆದುಕೊಳ್ಳುವುದರಿಂದ ಅರ್ಬುದ ಬರುತ್ತದೆಂದು ಸಿದ್ಧವಾಗಿಲ್ಲ; ಸೋಂಕು ಬರುತ್ತದೆಂಬುದನ್ನು ಮಾತ್ರ ಆ ಹೆಂಗಸರನ್ನೇ ಕೇಳಿ ತಿಳಿಯಬಹುದು.

ಶಾಲೆಗಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಮಕ್ಕಳಿಗೆ ನೀರು ಕುಡಿಯಲೆಂದೇ ಪ್ರತ್ಯೇಕ ಗಂಟೆ ಬಾರಿಸುವ ಪದ್ಧತಿ ಬಂದು, ಅದೇ ವರ್ಷ ನಮ್ಮ ರಾಜ್ಯದ ಶಿಕ್ಷಣ ಇಲಾಖೆಯೂ ಅದನ್ನು ಸ್ವೀಕರಿಸಿತು. ಒಳ್ಳೆಯ ಕ್ರಮವೇ ಸರಿ. ಆದರೆ ಬೆಳಗಿನಿಂದ ಸಂಜೆಯವರೆಗೆ ಶಾಲೆಯಲ್ಲಿರುವ, ಬಸ್ಸಿನಲ್ಲಿ ಒಂದು ಗಂಟೆ ಕಾಲ ಹೋಗಿಬರುವ ಹುಡುಗಿಯು ಗಂಟೆ ಬಾರಿಸಿದರೂ ನೀರನ್ನು ತುಟಿಗೆ ಮುಟ್ಟಿಸಿ ಇಟ್ಟುಬಿಡುತ್ತಾಳೆ. ಲೆಕ್ಕಕ್ಕಾಗಿ ಒಂದು ಶಾಲೆಯಲ್ಲಿ 200 ಮಂದಿ ಹುಡುಗಿಯರೂ ನಾಲ್ಕು ಶೌಚಾಲಯಗಳೂ ಇವೆಯೆಂದು ಇಟ್ಟುಕೊಳ್ಳೋಣ. ಒಬ್ಬಳಿಗೆ ಒಂದೂವರೆ ನಿಮಿಷ ಹಿಡಿದರೆ ಹತ್ತು ನಿಮಿಷಗಳ ವಿರಾಮದಲ್ಲಿ 24 ಮಂದಿಯ ಸರದಿ ಮುಗಿಯುತ್ತದೆ. ಉಳಿದ 176 ಮಂದಿ ತರಗತಿಗೆ ಹಿಂದಿರುಗುತ್ತಾರೆ. ನಲ್ಲಿಯಲ್ಲಿ ನೀರು ಬಾರದ ದಿನ, ಬಾಗಿಲ ಚಿಲಕ ಮುರಿದ ದಿನ ಈ ಲೆಕ್ಕವೂ ನಡೆಯದು. ಹಳೆಯ ವಿದ್ಯಾರ್ಥಿಗಳು ಸಭಾಭವನಕ್ಕೆ, ವೇದಿಕೆಗೆ, ಹೆಬ್ಬಾಗಿಲಿಗೆ ಉದಾರವಾಗಿ ಕೊಟ್ಟಿದ್ದಾರೆ; ಅವುಗಳ ಮೇಲೆ ದಾನಿಗಳ ಹೆಸರು ಕೆತ್ತಲು ಸ್ಥಳವೂ ಇದೆ. ಮುಂದಿನ ದೇಣಿಗೆಯ ಪಟ್ಟಿ ಸಿದ್ಧವಾಗುವಾಗ ಇನ್ನು ಎಂಟು ಶೌಚಾಲಯಗಳು, ಅವುಗಳ ಮೇಲೊಂದು ನೀರಿನ ತೊಟ್ಟಿ, ದಿನವೂ ತೊಳೆಯುವವರ ಸಂಬಳ ಎಂಬ ಮೂರು ಬಾಬುಗಳನ್ನು ಸೇರಿಸಬೇಕೆಂದು ಕೋರುತ್ತೇನೆ.